ಉಲ್ಲೇಖಪಟ್ಟಿಯಲ್ಲಿ ನನ್ನ ತಂಗಿ

ತಂಗಿ ತೀರಿಕೊಂಡ ಮೇಲೆ ಅವಳ ಲೇಖನ ವಾಪಸು ಬಂತು. ಕಿಡ್ನಿ ಕಾಯಿಲೆಯಲ್ಲಿ ಮಲಗಿದ್ದಾಗಲೇ ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದ್ದ ಲೇಖನ ಅದು. ತಮಿಳುನಾಡಿನ ನಮ್ಮ ಮೇಚೇರಿ ಕಡೆ ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಹೊಲದೊಳಗೆ ಕುರಿಮಂದೆ ನಿಲ್ಲಿಸುತ್ತಾರೆ. ಅದರಿಂದ ಮಣ್ಣಿಗೆ ಏನಾಗುತ್ತದೆ ಅನ್ನುವುದು ಅವಳ ವಿಷಯ. ಸೇಲಂನಿಂದ ಅವಳ ಗೈಡ್ ಮೇಡಂ ನನಗೆ ಫೋನ್ ಮಾಡಿದರು. ಲೇಖನ ಒಪ್ಪಿಕೊಂಡಿದ್ದಾರೆ, ಆದರೆ ಕೊನೆಯ ಉಲ್ಲೇಖಪಟ್ಟಿಯನ್ನು ಪತ್ರಿಕೆಯ ನಿಯಮದಂತೆ ಹೊಸದಾಗಿ ಮಾಡಬೇಕು, ಬೇರೆ ವಿದ್ಯಾರ್ಥಿ ಯಾರಿಗಾದರೂ ಹೇಳಲೇ ಎಂದರು. ಬೇಡ, ನಾನೇ ಮಾಡುತ್ತೇನೆ ಅಂದೆ. ಅವಳ ಕೆಲಸಕ್ಕೆ ಇನ್ನೊಬ್ಬರು ಕೈಹಾಕುವುದನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ನಾನು ಕೊಳತ್ತೂರಿನ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಮಣ್ಣೂ ಗೊತ್ತಿಲ್ಲ, ಜರ್ನಲ್ಲೂ ಗೊತ್ತಿಲ್ಲ. ಸಂಜೆ ಬಸ್ಸಿಳಿದು ಮನೆಗೆ ಬಂದು, ಕೈಕಾಲು ತೊಳೆದು, ಅವಳ ಲ್ಯಾಪ್‌ಟಾಪ್ ತೆಗೆಯುತ್ತಿದ್ದೆ. ಮನೆತನದ ಹೆಸರು ಮೊದಲು, ಆಮೇಲೆ ಕಾಮಾ, ಆಮೇಲೆ ಸ್ವಂತ ಹೆಸರಿನ ಮೊದಲಕ್ಷರ, ಚುಕ್ಕಿ, ಕಂಸದೊಳಗೆ ವರ್ಷ. ಪತ್ರಿಕೆಯ ಹೆಸರು ಓರೆ ಅಕ್ಷರದಲ್ಲಿ, ಸಂಪುಟದ ಸಂಖ್ಯೆಯೂ ಓರೆ, ಸಂಚಿಕೆಯ ಸಂಖ್ಯೆ ಮಾತ್ರ ನೆಟ್ಟಗೆ! ಅದೊಂದಕ್ಕೇನು ಅಷ್ಟು ದಿಮಾಕು ಅಂತ ಒಬ್ಬಳೇ ಬೈದುಕೊಳ್ಳುತ್ತಿದ್ದೆ. ಬೈದರೂ ಆ ಕೆಲಸ ಬೇಗ ಮುಗಿಯುವುದು ನನಗೆ ಬೇಕಿರಲಿಲ್ಲ.

ಯಾಕೆಂದರೆ ಒಂದೊಂದು ಉಲ್ಲೇಖ ಸರಿಮಾಡಲು ಅದರ ಮೂಲ ಲೇಖನ ತೆರೆಯಬೇಕಿತ್ತು, ತೆರೆದರೆ ಅಲ್ಲಿ ಅವಳು ಸಿಗುತ್ತಿದ್ದಳು. ಓದುತ್ತ ಓದುತ್ತ ಅಂಚಿನಲ್ಲಿ ಟೈಪ್ ಮಾಡಿಟ್ಟಿದ್ದಳು. ಯಾರೋ ದೊಡ್ಡ ಪ್ರೊಫೆಸರು ಕುರಿ ಹಿಕ್ಕೆಯ ಬಗ್ಗೆ ಬರೆದದ್ದರ ಪಕ್ಕದಲ್ಲಿ, "ಈವಯ್ಯ ಕುರಿನ ಫೋಟೋದಲ್ಲೇ ನೋಡಿರಾದು" ಅಂತಿತ್ತು. ನಕ್ಕುಬಿಟ್ಟೆ. ನಕ್ಕ ಮೇಲೆ ಎದ್ದುಹೋಗಿ ನೀರು ಕುಡಿದೆ. ಆ ಟಿಪ್ಪಣಿಗಳೆಲ್ಲ ಕನ್ನಡ ಅಕ್ಷರದಲ್ಲಿದ್ದವು. ನಾವು ಓದಿದ್ದೆಲ್ಲ ತಮಿಳಿನಲ್ಲಿ. ಮನೆಮಾತಿಗೆ ಅಕ್ಷರ ಇದೆಯೆಂದು ತಾನಾಗಿ ಕಲಿತು, ಹಟ ಹಿಡಿದು ನನಗೂ ಕಲಿಸಿದವಳು ಅವಳೇ. ಇದನ್ನು ಬರೆಯುತ್ತಿರುವುದೂ ಅವಳು ಕಲಿಸಿದ ಅಕ್ಷರದಲ್ಲೇ.

ಪಟ್ಟಿಯಲ್ಲಿ ಅವಳದೇ ಎರಡು ಹಳೆಯ ಲೇಖನಗಳಿದ್ದವು. ಅಲ್ಲಿಗೆ ಬಂದಾಗ ನನ್ನ ಕೈ ನಿಂತಿತು.

ನಮ್ಮ ಕಡೆ ಯಾರಿಗೂ ಮನೆತನದ ಹೆಸರಿಲ್ಲ. ಅಪ್ಪನ ಹೆಸರಿನ ಮೊದಲಕ್ಷರ ಮುಂದೆ, ಒಂದು ಚುಕ್ಕಿ, ಆಮೇಲೆ ನಮ್ಮ ಹೆಸರು. ಅಷ್ಟೇ. ಅವಳು ಎಂ.ಎಸ್‌ಸಿ. ಓದುವಾಗ ಮೊದಲ ಲೇಖನ ಕಳಿಸಿದಳಲ್ಲ, ಅದರ ಫಾರಂನಲ್ಲಿ ಮೊದಲ ಹೆಸರಿಗೊಂದು ಕೊನೆಯ ಹೆಸರಿಗೊಂದು ಡಬ್ಬಿ ಇತ್ತಂತೆ. ಮೊದಲನೆಯದರಲ್ಲಿ ತನ್ನ ಹೆಸರು ಹಾಕಿದಳು. ಕೊನೆಯದರಲ್ಲಿ ಇನಿಷಿಯಲ್ ಹಾಕಿದರೆ ಒಂದಕ್ಷರ ಸಾಲದು ಎಂದು ಕೆಂಪಗಾಯಿತಂತೆ. ಸರಿ, ಅಪ್ಪನ ಹೆಸರನ್ನು ಪೂರ್ತಿ ತುಂಬಿದಳು. ಅಚ್ಚಾಗಿ ಬಂದಾಗ ಅಪ್ಪನ ಹೆಸರು ದೊಡ್ಡದಾಗಿ ಮುಂದೆ ಕೂತಿತ್ತು, ಇವಳು ಬಾಲದಲ್ಲಿ ಒಂದಕ್ಷರವಾಗಿದ್ದಳು. ಮುಂದಿನ ಲೇಖನಕ್ಕೆ ಬೇರೆ ಥರ ಕೊಟ್ಟರೆ ಬೇರೆ ಯಾರೋ ಅಂದುಕೊಳ್ಳುತ್ತಾರೆ, ಹಾಗೇ ಇರಲಿ ಎಂದು ಮೇಡಂ ಹೇಳಿದರಂತೆ.

ಆವತ್ತು ಅವಳಿಗೆ ಅದೊಂದು ತಮಾಷೆ. "ಅಕ್ಕಾ, ಅಪ್ಪಂಗೆ ಡಾಕ್ಟರೇಟ್ ಬಂದ್ಬುಡ್ತು ನೋಡು! ಇನ್ಮೇಲೆ ಕುರಿಗಳೆಲ್ಲಾ ಸಾರ್ ಅನ್ಬೇಕು" ಎಂದು, ಅಪ್ಪ ಕುರಿ ಮೇಯಿಸಲು ಹೋಗಿದ್ದಾಗ ಮನೆಯೆಲ್ಲ ಕುಣಿದಿದ್ದಳು. ಮುಂದೆ ಬೇಕಾದಷ್ಟು ಬರೆಯುತ್ತೇನಲ್ಲ, ಆಗ ಸರಿಮಾಡಿಕೊಂಡರಾಯಿತು ಅಂದಿದ್ದಳು.

ಇನ್ನು ಬರೆಯುವುದಿರಲಿಲ್ಲ. ಇದೇ ಕೊನೆಯದು. ಈ ಪತ್ರಿಕೆಯೋ, ಪಟ್ಟಿಯಲ್ಲಿ ಮಾತ್ರವಲ್ಲ, ಶೀರ್ಷಿಕೆಯ ಕೆಳಗೂ ಲೇಖಕರ ಹೆಸರನ್ನು ಅದೇ ಥರ ಹಾಕುತ್ತದೆ. ನನಗೆ ಬೇಕಾದದ್ದು ಒಂದೇ: ಇದೊಂದು ಸಲ ತಂಗಿಯ ಹೆಸರು ಪೂರ್ತಿಯಾಗಿ ಅಚ್ಚಾಗಬೇಕು. ಅವಳಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಅವಳ ಹೆಸರು ಉಳಿಯುವ ಜಾಗ ಇನ್ನೆಲ್ಲಿತ್ತು?

ಶೀರ್ಷಿಕೆಯ ಕೆಳಗೂ ಪಟ್ಟಿಯಲ್ಲೂ ನಾನೇ ತಿದ್ದಿದೆ. ಅವಳ ಹೆಸರು ಮುಂದೆ, ಅಪ್ಪ ಒಂದಕ್ಷರ, ಚುಕ್ಕಿ. ಅಕಾರಾದಿಯಲ್ಲಿ ಅವಳ ಸಾಲುಗಳು ಮೇಲಿನಿಂದ ಕೆಳಕ್ಕೆ ಜರುಗಿದವು. ನೋಡಿ ಕಣ್ಣು ತುಂಬಿತು. ಮೇಡಂಗೆ ಕಳಿಸಿದೆ, ಮೇಡಂ ಪತ್ರಿಕೆಗೆ ಕಳಿಸಿದರು.

ಸ್ವಲ್ಪ ದಿನಕ್ಕೆ ಉತ್ತರ ಬಂತು. ಈ ಹೆಸರಿನ ಲೇಖಕರು ಆ ಹಳೆಯ ಸಂಚಿಕೆಗಳಲ್ಲಿ ಇಲ್ಲ, ಅಲ್ಲಿ ಹೇಗೆ ಅಚ್ಚಾಗಿದೆಯೋ ಉಲ್ಲೇಖವೂ ಹಾಗೇ ಇರಬೇಕು ಎಂದಿದ್ದರು. ಶೀರ್ಷಿಕೆಯ ಕೆಳಗಿನ ಹೆಸರು ಬದಲಿಸಬೇಕಾದರೆ ಲೇಖಕರೇ ಒಪ್ಪಿಗೆ ಬರೆದು ಕಳಿಸಬೇಕಂತೆ. ಮೇಡಂ ಫೋನಿನಲ್ಲಿ ಇದನ್ನು ಓದಿ ಹೇಳಿದರು. ನಾನು ತಮಿಳಿನಲ್ಲಿ ಕೂಗಾಡಿದೆ. ಸುಟ್ಟು, ಬೂದಿಯನ್ನು ಕಾವೇರಿಗೆ ಬಿಟ್ಟ ಮೇಲೆ ಅವಳ ಒಪ್ಪಿಗೆಯನ್ನು ಎಲ್ಲಿಂದ ತರಲಿ ಅಂದೆ. ಮೇಡಂ ಪಾಪ ಏನು ಮಾಡುತ್ತಾರೆ, ಅತ್ತರು. ಹಟ ಮಾಡಿದರೆ ಲೇಖನವೇ ನಿಲ್ಲುತ್ತದೆ ಎಂದರು. ಲೇಖನ ನಿಲ್ಲುವುದು ಬೇಡವಾಗಿತ್ತು. ಕೂತು ಎಲ್ಲವನ್ನೂ ಮೊದಲಿದ್ದಂತೆ ತಿದ್ದಿದೆ. ಅವಳ ಹೆಸರಿನ ಮೊದಲಕ್ಷರ ಬಿಟ್ಟು ಉಳಿದದ್ದನ್ನು ಒಂದೊಂದಾಗಿ ನನ್ನ ಕೈಯಾರೆ ಅಳಿಸಿದೆ. ಅಂಥ ಕೆಲಸ ಯಾವ ಅಕ್ಕನಿಗೂ ಬರಬಾರದು.

ಲೇಖನ ಅಚ್ಚಾಗಿ ಬಂದ ದಿನ ಮೇಚೇರಿಯಲ್ಲಿ ಪ್ರಿಂಟ್ ತೆಗೆಸಿ ಮನೆಗೆ ತಂದೆ. ಅಪ್ಪ ಕಾಯುತ್ತಿದ್ದ. ಕೂಸಿನ ಹೆಸರು ಪುಸ್ತಕದಲ್ಲಿ ಬರುತ್ತೆ ಎಂದು ಕುರಿಸಂತೆಯಲ್ಲಿ ಕಂಡಕಂಡವರಿಗೆಲ್ಲ ಸಾರಿಬಿಟ್ಟಿದ್ದ. ಹೆಸರು ಹೇಗೆ ಬರುತ್ತದೆಂದು ನಾನು ಅವನಿಗೆ ಮೊದಲೇ ಹೇಳಿರಲಿಲ್ಲ, ಬಾಯಿ ಬಂದಿರಲಿಲ್ಲ. ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟು ಇಂಗ್ಲಿಷ್ ಅಪ್ಪನಿಗೆ ಬರುತ್ತದೆ. ಜಗಲಿಯ ಬೆಳಕಿಗೆ ಹಿಡಿದು ಅಕ್ಷರ ಅಕ್ಷರವಾಗಿ ಕೂಡಿಸಿದ. ಓದಿದ್ದು ತನ್ನ ಹೆಸರು.

"ಇದು ನಾನಲ್ವಾ? ನಾನೇನ್ ಬರ್ದೆ? ಕೂಸಿನೆಸ್ರು ಎಲ್ಲೈತೆ?"

ಬೆರಳಿಟ್ಟು ತೋರಿಸಿದೆ.

"ಅಷ್ಟೇದಾನಾ?"

"ಅಷ್ಟೇ ಅಪ್ಪಾ. ಅವ್ರ ರೂಲ್ಸು ಅಂಗೈತೆ."

ಅಪ್ಪ ಆ ಅಕ್ಷರವನ್ನು ಹೆಬ್ಬೆರಳಿನಿಂದ ಸವರಿದ. "ಅವ್ಳೆಸ್ರ ಮುಂದೆ ನಾನು ಒಂದಕ್ಸರ ಆಗಿದ್ದೆ ಕಣವ್ವಾ. ಅಂಗೇ ಇರ್ಬೇಕಾಗಿತ್ತು" ಎಂದ. "ನಾನಿರೋದ್ಯಾಕೆ, ಅವ್ಳೋಗೋದ್ಯಾಕೆ." ಕುರಿ ಸತ್ತರೂ ಮನುಷ್ಯರು ಸತ್ತರೂ ಅಳದ ಅಪ್ಪ, ಅವಳನ್ನು ಚಿತೆಗೇರಿಸಿದ ದಿನವೂ ನೆಟ್ಟಗೆ ನಿಂತಿದ್ದವನು, ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ನಾನೂ ಪಕ್ಕದಲ್ಲಿ ಕೂತು ಅತ್ತೆ.

ಆಮೇಲೆ ನನ್ನ ಬ್ಯಾಗಿನಿಂದ ಅವನೇ ಪೆನ್ನು ತೆಗೆದುಕೊಟ್ಟ. "ಬರಿ" ಅಂದ. ಆ ಚುಕ್ಕಿಯ ಪಕ್ಕದಲ್ಲಿ ಜಾಗ ಇರಲಿಲ್ಲ. ಸಾಲಿನ ಮೇಲೆ ಇರುಕಿಸಿ, ಅವಳ ಹೆಸರನ್ನು ಕನ್ನಡದಲ್ಲಿ ಬರೆದೆ. ಅಪ್ಪನಿಗೆ ಆ ಲಿಪಿ ಬಾರದು.

"ಓದು."

ಅವಳು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೂ ಅವಳ ಹೆಸರನ್ನು ಬಾಯಲ್ಲಿ ಆಡಿರಲಿಲ್ಲ. ಓದಿದೆ.

"ಇನ್ನೊಂದ್ಸಲ ಓದು" ಅಂದ.