ಒಗೆಯುವ ಕಲ್ಲಿನ ಮೇಲೆ ಕಲಿತ ಫ್ರೆಂಚ್

ಸಾಣಾಪುರದ ಕೆರೆ ದಾರಿಯ ಗೆಸ್ಟ್‌ಹೌಸಿನಲ್ಲಿ ಹುಲಿಗವ್ವ ಚಾದರ ಒಗೆಯಲು ನಿಂತು ವರ್ಷಗಳೇ ಆದವು. ಸೊಂಟ ಸೋತಿತ್ತು. ಸಂಜೆ ಮಗಳನ್ನು ಎತ್ತಿಕೊಂಡರೆ ಬಗ್ಗಿ ಇಳಿಸಲಾಗುತ್ತಿರಲಿಲ್ಲ. ಕೌಂಟರಿನಲ್ಲಿ ಕೂರುವ ಕೆಲಸ ಸಿಕ್ಕರೆ ಸಾಕೆಂಬ ಆಸೆ ಒಂದೇ. ಅದಕ್ಕೆ ಫ್ರೆಂಚ್ ಬೇಕಿತ್ತು. ಚಳಿಗಾಲದಲ್ಲಿ ಅಲ್ಲಿ ಇಳಿಯುವವರು ಹೆಚ್ಚಾಗಿ ಫ್ರೆಂಚರೇ.

ಮೊಬೈಲಿನಲ್ಲಿ ಒಂದು ಮಾತು ಕೇಳುವುದು, ಬಟ್ಟೆ ಬಡಿಯುತ್ತ ಅದನ್ನೇ ಹೇಳುವುದು, ಟವೆಲ್ ಕೊಡಲು ಹೋದಾಗ ಅವರ ಮುಂದೆ ಆಡಿ ನೋಡುವುದು. ತಿದ್ದಿದರೆ ಮತ್ತೆ ಕಲ್ಲಿನ ಹತ್ತಿರ. ಮನೆಯಲ್ಲಿ ಅನ್ನ ಕಲಸುವಾಗಲೂ ಅದೇ. "ನಿಮ್ಮವ್ವಗ ದೆವ್ವ ಗಿವ್ವ ಬಡದೈತೇನ್ವಾ?" ಎಂದು ಅತ್ತೆ ಮೊಮ್ಮಗಳನ್ನು ಕೇಳುತ್ತಿದ್ದಳು.

ಈ ಡಿಸೆಂಬರಿನಲ್ಲಿ ಕೌಂಟರಿನವನು ಕೆಲಸ ಬಿಟ್ಟ. ಒಂದು ದಿನ ಕೂತು ತೋರಿಸು, ಆಮೇಲೆ ನೋಡೋಣ ಎಂದ ಮಾಲೀಕ ಬಸವಕುಮಾರ. ಅವಳು ಕೂತ ದಿನವೇ ಫ್ರೆಂಚರ ಒಂದು ಗುಂಪು ಬಂದಿಳಿಯಿತು. ರೂಮು, ಬಿಸಿನೀರು, ಕೀಲಿಕೈ, ಎಲ್ಲ ಸರಾಗವಾಯಿತು. ಆದರೆ ಮನುಷ್ಯರು ಎದುರಾದಾಗ ಊಟ ಆಯಿತೇ ಎಂದು ಕೇಳದೆ ಬಿಡುವುದು ಹೇಗೆ? ಕಂಡವರನ್ನೆಲ್ಲ ಅವರ ಮಾತಿನಲ್ಲೇ ಕೇಳಿದಳು: "ವೂಝಾವೆ ಮಾಂಜೆ?"

ಅಡುಗೆಯ ಬಾಬಾಸಾಬ ಒಲೆ ಆರಿಸಿ ಅಡ್ಡಾಗಿದ್ದ. ಎದ್ದು ನೋಡಿದರೆ ಗುಂಪಿಗೆ ಗುಂಪೇ ಊಟದ ಮೇಜಿನ ಮುಂದೆ ಕೂತಿದೆ.

"ಯಾರು ಕರದ್ರವಾ ಇವರನ್ನ?"

"ಕರದಿಲ್ಲ ಕಾಕಾ. ಊಟ ಆತೇನ್ರಿ ಅಂತ ಕೇಳೀನಿ ಅಷ್ಟ."

"ಕೇಳಿದ್ರ ಮತ್ತೇನ್ ಮಾಡ್ತಾರ? ಕುಂದರ್ತಾರ."

ಗೊಣಗುತ್ತಲೇ ಅವನು ಮಂಡಕ್ಕಿಗೆ ಒಗ್ಗರಣೆ ಹಾಕಿ ಮಿರ್ಚಿ ಕರಿದ. ಅವಳು ತಾಟು ಹಂಚುತ್ತ, ನಮ್ಮಲ್ಲಿ ಇದು ಕರೆಯುವ ಮಾತಲ್ಲ, ಕುಶಲ ಕೇಳುವ ಮಾತು ಎಂದು ಫ್ರೆಂಚಿನಲ್ಲಿ ಬಿಡಿಸಿ ಹೇಳಿದಳು. ನಾಲಿಗೆ ತಡವರಿಸಿತು, ನಿಲ್ಲಲಿಲ್ಲ. ಒಬ್ಬ ಮುದುಕಿ ನಕ್ಕು, ಬಾಬಾಸಾಬನತ್ತ ತಿರುಗಿ ಅದೇ ಪ್ರಶ್ನೆ ಕೇಳಿದಳು. ಅರ್ಥ ತಿಳಿದ ಮೇಲೆ ಅವನೆಂದ, "ಉಣ್ಣಾಕ ಎಲ್ಲಿ ಬಿಟ್ರಿ ನೀವು."

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಬಸವಕುಮಾರ ಸಂಜೆ ಹೇಳಿದ, "ನಾಳಿಂದ ಕೌಂಟರಿನ ಕೆಲಸ ನಿಂದು. ಮುಂಜಾನಿ ಚಾದರಾನೂ ಮುಗಿಸಿಬಿಡು."

ಹಿಗ್ಗುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ಎರಡೂ ಆಗೂದಿಲ್ರಿ ಸಾವ್ಕಾರ್ರ. ಟೊಂಕ ಕೇಳೂದಿಲ್ಲ."

ಅವನು ಮೊಬೈಲ್ ನೋಡುತ್ತಲೇ, ಬೇರೆಯವರು ಸಿಗುವ ತನಕ ಎಂದ. ಯಾವತ್ತಿನ ತನಕ ಎಂದು ಅವಳೂ ಬಿಡಲಿಲ್ಲ.

"ಐತವಾರದ ತನಕ, ಸಾಕ?"

ಅವಳು ತಲೆಯಾಡಿಸಿದಳು.

ಸೋಮವಾರ ಒಗೆಯಲು ಹುಸೇನಬೀ ಎಂಬಾಕೆ ಬಂದಳು. ಹುಲಿಗವ್ವ ಕುರ್ಚಿಯಲ್ಲಿ ಕೂತಳು. ಕೂತರೂ ಸೊಂಟ ನೋಯುತ್ತಲೇ ಇತ್ತು.