ಏಳು ಜನರ ಸಂಘ

ನೂಲಿನ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಸ್ವಲ್ಪ ಮುಂದಕ್ಕೆ ಬಾಗಿ, ಬಿರಬಿರನೆ ನಡೆಯುತ್ತಿದ್ದರು ನಮ್ಮ ಮೇಡಂ. ಯಾರ ಮನೆಗೆ ಹೋದರೂ ಆ ಶೂಗಳನ್ನು ಹೊಸಿಲ ಬಳಿ ಬಿಡುತ್ತಿರಲಿಲ್ಲ. ಗೇಟಿನ ಹೊರಗೇ ಬಿಚ್ಚಿಟ್ಟು ಬರಿಗಾಲಲ್ಲಿ ಒಳಗೆ ಬರುತ್ತಿದ್ದರು. ಎಲ್ಲೆಲ್ಲಿಗೋ ಹೋಗಿ ಬಂದ ಶೂ ಎಂದು ಮನೆಯವರಿಗೆ ಕಸಿವಿಸಿ ಆಗಬಾರದಲ್ಲ.

ಅವರು ಹೋಗಿ ಬರುತ್ತಿದ್ದುದು ಸಾವಿನ ಮನೆಗಳಿಗೆ. ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದ ಮೇಲೆ, ತೊಂಬತ್ತರ ದಶಕದಲ್ಲಿ ಅವರೊಂದು ಸಣ್ಣ ಸಂಘ ಕಟ್ಟಿದ್ದರು. ಊರಿಗೆ ಹೊಸಬರಾದವರ, ಹತ್ತಿರದಲ್ಲಿ ನೆಂಟರಿಷ್ಟರು ಇಲ್ಲದವರ ಮನೆಯಲ್ಲಿ ಸಾವಾದರೆ ವ್ಯಾನ್ ಕಳಿಸುವುದು, ಪುರೋಹಿತರನ್ನೋ ಅಯ್ಯನೋರನ್ನೋ ಹುಡುಕಿ ಕರೆತರುವುದು, ಕಾಗದಪತ್ರ ಮಾಡಿಸಿಕೊಡುವುದು ಸಂಘದ ಕೆಲಸ.

ನನಗೆ ಅವರ ಪರಿಚಯವಾದದ್ದೂ ಹಾಗೆಯೇ. ಗದಗಿನ ಕಡೆಯಿಂದ ಬಂದು ನಾವು ಗಂಡಹೆಂಡತಿ ಬಿಟಿಎಂನಲ್ಲಿ ಬಾಡಿಗೆಗಿದ್ದೆವು. ಚಿಕಿತ್ಸೆಗೆಂದು ಕರೆತಂದಿದ್ದ ಅಪ್ಪ ಒಂದು ಬೆಳಿಗ್ಗೆ ಮನೆಯಲ್ಲೇ ತೀರಿಕೊಂಡರು. ಮಾಲೀಕರು ಕೆಟ್ಟವರಲ್ಲ. ಆದರೂ ಮಧ್ಯಾಹ್ನದೊಳಗೆ ಎಲ್ಲ ಮುಗಿಸಿಬಿಡಿ ಎಂದು ಮಹಡಿಯ ಮೇಲಿಂದಲೇ ಹೇಳಿ ಒಳಗೆ ಹೋದರು. ಆ ಬೀದಿಯಲ್ಲಿ ಹಾಲು ಹಾಕುವವನನ್ನು ಬಿಟ್ಟರೆ ನಮಗೆ ಯಾರೂ ಗೊತ್ತಿರಲಿಲ್ಲ. ಆಫೀಸಿನವರೊಬ್ಬರು ಹೇಳಿದ ನಂಬರಿಗೆ ಬೂತಿನಿಂದ ಫೋನ್ ಮಾಡಿದೆ. ಆಟೋದಲ್ಲಿ ಬಂದಿಳಿದ ಮೇಡಂ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಅಪ್ಪನ ಹೆಸರು ಕೇಳಿದರು. ಆಮೇಲೆ, "ನಿಮ್ಮಲ್ಲಿ ಸುಡೋದಾ, ಹೂಳೋದಾ?" ಎಂದರು. ಹೂಳುವುದು ಎಂದೆ. ಊರಿಂದ ಅಣ್ಣ ಬರುವ ತನಕ ಕಾಯಲು ಮಾಲೀಕರನ್ನು ಒಪ್ಪಿಸಿದವರು, ರುದ್ರಭೂಮಿಯಲ್ಲಿ ಜಾಗ ಗೊತ್ತುಮಾಡಿಸಿದವರು ಅವರೇ. ಅಷ್ಟು ಹೊತ್ತೂ ನನ್ನ ಹೆಂಡತಿಯ ಜೊತೆ ಅಪ್ಪನ ತಲೆಯ ಹತ್ತಿರ ಚಾಪೆಯ ಮೇಲೆ ಕೂತಿದ್ದರು.

ಕರ್ಮಗಳೆಲ್ಲ ಮುಗಿದ ಮೇಲೆ ಜಯನಗರದ ಅವರ ಮನೆ ಹುಡುಕಿಕೊಂಡು ಹೋಗಿ, ನಾನೂ ಸಂಘಕ್ಕೆ ಸೇರುತ್ತೇನೆ ಎಂದೆ. ಅವರು ಒಪ್ಪಲಿಲ್ಲ. "ದುಃಖದಲ್ಲಿರೋರು ಏನು ಕೇಳಿದ್ರೂ ಹೂಂ ಅಂತಾರೆ. ಆ ಹೂಂ ನಂಗೆ ಬೇಡ. ಒಂದು ವರ್ಷ ಕಳೀಲಿ, ನಾನೇ ಬರ್ತೀನಿ."

ವರ್ಷ ಕಳೆದ ಮೇಲೆ ಬಂದರು. ನನ್ನ ಕಡೆ ನೋಡಿ ನಕ್ಕು ನೇರ ಅಡುಗೆಮನೆಗೆ ಹೋದರು. ನೀವು ಬೇಡ ಎಂದರೆ ನಿಮ್ಮ ಯಜಮಾನರನ್ನು ಕೇಳುವುದೇ ಇಲ್ಲ ಎಂದು ಹೆಂಡತಿಗೆ ಹೇಳಿದರಂತೆ. ಆಗ ನಮ್ಮ ಮಗು ಇನ್ನೂ ಚಿಕ್ಕದು. ಸಾವಿನ ಮನೆಗಳ ವಿಷಯ ನಮ್ಮ ಮನೆಯಲ್ಲಿ ಮಾತಾಡಬಾರದು ಎಂಬ ಕರಾರಿನ ಮೇಲೆ ಅವಳು ಹೂಂ ಎಂದಳು. ಮೇಡಂಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಸಂಘವೆಂದರೆ ಕಡಿಮೆಯೆಂದರೂ ಏಳು ಜನ ಇರಬೇಕೆಂಬುದು ಕಾನೂನು. ಆ ಏಳು ಜನರನ್ನು ಕೂಡಿಸುವುದರಲ್ಲೇ ಮೇಡಂ ಸವೆದರು. ಅವರ ಕೆಲಸವನ್ನು ಹೊಗಳದವರಿಲ್ಲ. ಹೆಸರು ಕೊಡಿ ಎಂದರೆ ಮಾತ್ರ ಒಬ್ಬರಿಗೆ ಮಗಳ ಮದುವೆ ಮುಗಿಯಬೇಕು, ಇನ್ನೊಬ್ಬರಿಗೆ ಗೃಹಪ್ರವೇಶ ಆಗಬೇಕು. ಸೇರಿದವರೂ ನಿಲ್ಲುತ್ತಿರಲಿಲ್ಲ. ಒಬ್ಬರು ಅಂಜನಾಪುರದಲ್ಲಿ ಮನೆ ಕಟ್ಟಿಸಿಕೊಂಡು ಹೋದರು, ಇನ್ನೊಬ್ಬರ ಸೊಸೆ ಬಸುರಿಯಾದಳು. ಸಾವಿನ ಮನೆ ತಿರುಗುವವರು ಬೇಡವೆಂದು ಬೀಗರು ಹೇಳಿದ್ದೂ ಉಂಟು.

ಇದ್ದವರನ್ನು ಉಳಿಸಿಕೊಳ್ಳಲು ಅವರದೇ ಕ್ರಮಗಳಿದ್ದವು. ತಿಂಗಳಿಗೊಂದು ಭಾನುವಾರ ಅವರ ಮನೆಯ ಹಾಲ್‌ನಲ್ಲಿ ಮೀಟಿಂಗು. ಮೊದಲು ಗೊಜ್ಜವಲಕ್ಕಿ, ಕಾಫಿ; ತಟ್ಟೆ ಎತ್ತುವ ತನಕ ಸಾವಿನ ಸುದ್ದಿ ಕೂಡದು. ಮಗುವಿನ ಸಾವು ನೋಡಿ ಬಂದವರಿಗೆ ಮುಂದೆ ಬಹಳ ದಿನ ಕೆಲಸ ಹೇಳುತ್ತಿರಲಿಲ್ಲ. ಬಿಟ್ಟುಹೋದವರ ಮನೆಗೂ ಹಬ್ಬ ಕಳೆದ ಮೇಲೆ ಒಮ್ಮೆ ಹೋಗಿ, ಸಂಘದ ಮಾತೆತ್ತದೆ, ಮಕ್ಕಳ ಓದಿನ ಬಗ್ಗೆ ಕೇಳಿ ಬರುತ್ತಿದ್ದರು.

ಅವರ ಮನೆಗೆ ಮಾತ್ರ, ಮೀಟಿಂಗಿಗೆ ಹೋಗುವ ನಮ್ಮನ್ನು ಬಿಟ್ಟರೆ, ಯಾರೂ ಬರುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಕೆಳಗೆ ಅವರೊಬ್ಬರೇ, ಮೇಲೆ ತಮ್ಮನ ಸಂಸಾರ. ಒಮ್ಮೆ ಫೋರ್ತ್ ಬ್ಲಾಕಿನ ಮಾರ್ಕೆಟ್ಟಿನಲ್ಲಿ ನಾನು ಅವರ ಜೊತೆಗಿದ್ದಾಗ, ಎದುರಿಗೆ ಬರುತ್ತಿದ್ದ ಹೆಂಗಸೊಬ್ಬರು ಇವರನ್ನು ಕಂಡು ಸರಕ್ಕನೆ ಹೂವಿನ ಅಂಗಡಿಗಳ ಕಡೆ ತಿರುಗಿಬಿಟ್ಟರು. ಅವರ ಗಂಡ ಹೋದಾಗ ಇಡೀ ದಿನ ಜೊತೆಗಿದ್ದವರು ಮೇಡಂ. ನನ್ನ ಮುಖ ನೋಡಿ, "ನನ್ನ ನೋಡಿದ್ರೆ ಆ ದಿನ ನೆನಪಾಗುತ್ತೆ ಪಾಪ, ಅದಕ್ಕೆ," ಎಂದು ಬೀನ್ಸ್ ಆರಿಸತೊಡಗಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ನಾವು ಆರೇ ಜನ ಉಳಿದೆವು. ಏಳನೆಯವರು ಸಿಗದಿದ್ದರೆ ಸಂಘ ಮುಚ್ಚಬೇಕು. ಬಿಳೇಕಹಳ್ಳಿ, ಉತ್ತರಹಳ್ಳಿ ಎಂದು ಮೇಡಂ ಬಸ್ಸಿನಲ್ಲಿ ಅಲೆದರು. ಅದೇ ಹೊತ್ತಿಗೆ ಮೇಲಿನ ಮನೆಯಲ್ಲಿ ತಮ್ಮನ ಮಗಳ ಮದುವೆ ನಿಶ್ಚಯವಾಯಿತು. ಮದುವೆ ಕಳೆಯುವವರೆಗಾದರೂ ಸಂಘ ಬಿಡು ಎಂದು ತಮ್ಮ ಕೇಳಿಕೊಂಡರಂತೆ. "ನಾನು ಬಿಟ್ರೆ ಐದೇ ಜನ ಆಗ್ತೀವಿ, ಬಿಡಲ್ಲ ಅಂದೆ," ಎಂದು ಮೀಟಿಂಗಿನಲ್ಲಿ ನಮಗೆ ಹೇಳಿದರು. ದನಿಯಲ್ಲಿ ಏರಿಳಿತವಿರಲಿಲ್ಲ.

ಮದುವೆಗೆ ನಾವಿಬ್ಬರೂ ಹೋಗಿದ್ದೆವು. ಬನಶಂಕರಿಯ ಕಲ್ಯಾಣಮಂಟಪ ತುಂಬಿತ್ತು, ಗೋಡೆಗೊರಗಿ ಜನ ನಿಂತಿದ್ದರು. ಮಧ್ಯದ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಮೇಡಂ ಕೂತಿದ್ದರು. ಅವರ ಎಡಬಲದ ಕುರ್ಚಿಗಳೂ ಮುಂದಿನ ಕುರ್ಚಿಗಳೂ ಖಾಲಿ. ನಾವು ಹೋಗಿ ಆಚೆಗೊಬ್ಬರು ಈಚೆಗೊಬ್ಬರು ಕೂತೆವು. ಅವರು ಮಂಟಪದಿಂದ ಕಣ್ಣು ಕೀಳದೆ, "ಊಟ ಆಗೋವರೆಗೂ ಎದ್ದು ಹೋಗ್ಬೇಡಿ," ಎಂದರು. ಗಟ್ಟಿಮೇಳ ಶುರುವಾದಾಗ ಎಲ್ಲರೂ ಮುಂದಕ್ಕೆ ನುಗ್ಗಿದರು. ಮೇಡಂ ಕೂತಲ್ಲೇ ಎದ್ದು ನಿಂತು ಅಕ್ಷತೆ ಎಸೆದರು. ಅದು ಮುಂದಿದ್ದ ಖಾಲಿ ಕುರ್ಚಿಗಳ ಮೇಲೆ ಬಿತ್ತು.

ವಾಪಸು ಬಸ್ಸಿನಲ್ಲಿ ಬಂದೆವು. ಇಳಿಯುವಾಗ ಹೆಂಡತಿ, "ನನ್ನ ಹೆಸರ ಬರಸ್ರಿ," ಎಂದಳು.

ಮೇಡಂ ಒಪ್ಪಿದರೆ ತಾನೆ. ಮರುದಿನವೇ ಬಿಟಿಎಂಗೆ ಬಂದು ಅವಳೆದುರು ಕೂತರು. "ಅಯ್ಯೋ ಪಾಪ ಅಂತ ಬರ್ತಿದೀರಾ?"

"ಪಾಪ ಅನಿಸೇತ್ರಿ, ಸುಳ್ಳ ಯಾಕ ಹೇಳ್ಲಿ," ಎಂದಳು ಹೆಂಡತಿ. "ಆದ್ರ ಅದಕ್ಕಲ್ಲ. ಮಾವಾರು ಹೋದ ದಿನ ಈ ಮನ್ಯಾಗ ನನ್ನ ಕೂಡ ಕುಂತವರು ನೀವೊಬ್ರ. ಹಂಗ ಕುಂದ್ರಾಕ ನನಗೂ ಬರ್ತೈತಿ."

ಸಂಘ ಉಳಿಯಿತು. ಹೆಂಗಸರಿರುವ ಮನೆಗಳಿಗೆ ಮೇಡಂ ಅವಳನ್ನೂ ಕರೆದುಕೊಂಡು ಹೋಗತೊಡಗಿದರು. ಮನೆಯಲ್ಲಿ ಆ ಮಾತು ಬೇಡ ಎಂದಿದ್ದವಳು, ಬಂದ ಮೇಲೆ ನನಗೇ ಎಲ್ಲ ಹೇಳುತ್ತಿದ್ದಳು.

ಕೆಲವು ವರ್ಷಗಳ ನಂತರ ಮೇಡಂಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ. ಅವರ ಗೇಟಿನ ಮುಂದೆ ನಮ್ಮದೇ ವ್ಯಾನ್ ಬಂದು ನಿಂತಿತು. ಅವರು ಕೈಹಿಡಿದ ಮನೆಗಳು ಎಷ್ಟಿದ್ದವೋ, ರಸ್ತೆ ತುಂಬುತ್ತದೆ ಎಂದುಕೊಂಡಿದ್ದೆ. ತುಂಬಲಿಲ್ಲ. ಬಂದವರು ಸಂಘದವರು, ಸಂಘ ಬಿಟ್ಟುಹೋದವರು, ಕಾಲೇಜಿನ ಒಂದಿಬ್ಬರು. ಬಿಟ್ಟುಹೋದವರಲ್ಲಿ ಬಹುತೇಕ ಎಲ್ಲರೂ ಬಂದಿದ್ದರು. ಚಿತಾಗಾರಕ್ಕೆ ನನ್ನ ಹೆಂಡತಿಯೂ ಬಂದಳು, ಯಾರನ್ನೂ ಕೇಳಲಿಲ್ಲ.

ಸಂಜೆ ಮೇಡಂ ಮನೆಯಿಂದ ನಾವು ಹೊರಟಾಗ ಅವರ ತಮ್ಮ ಮಹಡಿಯ ಮೆಟ್ಟಿಲ ಹತ್ತಿರ ನಿಂತಿದ್ದರು. "ಒಂದೇ ಮನೇಲಿ ಇದ್ವಿ," ಎಂದರು. "ಅಕ್ಕ ಅಲ್ಲೆಲ್ಲ ಹೋಗಿ ಏನು ಮಾಡ್ತಿದ್ಲು ಅಂತ ಒಂದ್ಸಲಾನೂ ಕೇಳ್ಲಿಲ್ಲ ನಾನು."

ಹೆಂಡತಿ ಮೆಟ್ಟಿಲ ಮೇಲೆ ಕೂತು, ಒಂದೊಂದೇ ಮನೆಯ ಕತೆ ಹೇಳತೊಡಗಿದಳು. ಅವರು ಎರಡು ಮೆಟ್ಟಿಲು ಕೆಳಗೆ ಕೂತು ಕೇಳಿದರು. ಕತ್ತಲಾಗುತ್ತಿತ್ತು, ದೀಪ ಹಾಕಲು ಯಾರೂ ಏಳಲಿಲ್ಲ.

ಈಗ ಮೀಟಿಂಗು ನಮ್ಮ ಮನೆಯಲ್ಲಿ. ಮತ್ತೆ ಆರೇ ಜನ ಆಗಿದ್ದೇವೆ. ಕಳೆದ ಭಾನುವಾರ ನಾವಿಬ್ಬರೂ ಉತ್ತರಹಳ್ಳಿಯ ಒಂದು ಮನೆಗೆ ಹೋಗಿದ್ದೆವು. ಕಾಫಿ ಕೊಟ್ಟರು, ಒಳ್ಳೆಯ ಕೆಲಸ ಎಂದರು. ಯೋಚನೆ ಮಾಡಿ ಹೇಳುತ್ತಾರಂತೆ.