ಹಿತ್ತಲಿನ ಕೊಡಲಿ

ಇಂದಕ್ಕ ಗಾಜಿನ ಕಪಾಟಿನಲ್ಲಿ ಒಂದು ಮಡಕೆ ಇಟ್ಟರೆಂದರೆ ಬಾಗಿಲ ಹೊರಗೆ ಹೋಗಿ ನಿಲ್ಲುವರು. ಸೆರಗು ಸರಿಮಾಡಿಕೊಂಡು, "ಬರ್ರಿ, ಒಳಗ ಬರ್ರಿ" ಎಂದು ತಮ್ಮನ್ನು ತಾವೇ ಕರೆದುಕೊಂಡು, ಬೀಗರ ಮನೆಗೆ ಬಂದವರ ಹಾಗೆ ಮೆಲ್ಲಗೆ ಒಳಬಂದು ನೋಡುವರು. ಆಮೇಲೆ ಮಡಕೆಯನ್ನು ಎರಡು ಬೆರಳು ಆಚೆ ಸರಿಸುವರು.

ಪುಣೆಯ ನಮ್ಮ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ನೆಲ ಅಗೆಯುವವನು ನಾನು, ಸಿಕ್ಕಿದ್ದನ್ನು ಜೋಡಿಸಿಡುವವರು ಅವರು. ಇಬ್ಬರೂ ಧಾರವಾಡದ ಕಡೆಯವರೇ. ಬಿಸಿಲಲ್ಲಿ ಬೆನ್ನು ಸುಟ್ಟುಕೊಂಡವನು ನಾನು, ಹೊಗಳಿಕೆಯೆಲ್ಲ ಅವರಿಗೆ. ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇನು?

ಭೀಮಾ ನದಿಯ ದಂಡೆಯಲ್ಲಿ ನನಗೊಂದು ಕಲ್ಲಿನ ಕೊಡಲಿ ಸಿಕ್ಕಿತ್ತು. ಸಾವಿರಾರು ವರ್ಷ ಹಳೆಯದು, ಬಾಯಿ ಇನ್ನೂ ಹರಿತ. ಅದು ಕಪಾಟಿನ ನಟ್ಟನಡುವೆ ಕೂರಬೇಕೆಂದು ನನ್ನ ಹಟ. ಇಂದಕ್ಕ, ಚೈತ್ರಮಾಸದಲ್ಲಿ ಮನೆಯಲ್ಲಿ ಗೌರಿಯನ್ನು ಕೂರಿಸುವಾಗ ಮಾಡುವ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಅಲಂಕಾರದ ಆರಾಸು ಕಟ್ಟಿ, ನಡುವೆ ಕಪ್ಪು ಗೆರೆಯ ಕೆಂಪು ಮಡಕೆ ಕೂರಿಸಿ, ನನ್ನ ಕೊಡಲಿಯನ್ನು ಕೆಳಗಿನ ಮೂಲೆಯಲ್ಲಿ ಒಂದು ಒಡಕು ಗಡಿಗೆಗೆ ಒರಗಿಸಿಟ್ಟರು.

"ಇಂದಕ್ಕ, ಇದೇನ್ರಿ ಅನ್ಯಾಯ?"

"ನಡುವ ಗೌರಿ ಕೂಡ್ತಾಳಪಾ. ಕೊಡ್ಲಿ ಯಾರರೆ ದೇವರ ಜಗಲಿ ಮ್ಯಾಲ ಇಡ್ತಾರೇನು? ಅದು ಹಿತ್ತಲದಾಗ ಇರೂದು."

ಚೈತ್ರದಲ್ಲಿ ನೋಡಲು ಬಂದ ಹೆಂಗಸರು ನಿಜವಾದ ಗೌರಿಯೆಂದೇ ತಿಳಿದು ಗಾಜಿಗೆ ಅರಿಶಿನ ಕುಂಕುಮ ಹಚ್ಚಿಹೋದರು. ನನಗೆ ಹಾಲು ಕುಡಿದಷ್ಟು ಸಂತೋಷ. ಈಗ ಬೈಸಿಕೊಳ್ಳಲಿ ಎಂದು ಓಡಿಹೋಗಿ ನಿರ್ದೇಶಕರನ್ನು ಕರೆತಂದೆ. ಅವರು ಗಾಜು ನೋಡಿದರು, ಮಡಕೆ ನೋಡಿದರು. "ವಾ, ಇಂದೂತಾಯಿ! ನಮ್ಮಲ್ಲಿ ಇದುವರೆಗೆ ಯಾರೂ ಒಂದು ಮಡಕೆಗೆ ಕೈಮುಗಿದಿರಲಿಲ್ಲ" ಎಂದು ಮರಾಠಿಯಲ್ಲಿ ಕೊಂಡಾಡಿ ಹೋದರು.

ಇಂದಕ್ಕ ಒದ್ದೆ ಬಟ್ಟೆಯನ್ನು ನನ್ನ ಕೈಗಿಟ್ಟು ನಕ್ಕರು. "ಗಾಜು ಒರಸಪಾ. ಹೊಟ್ಯಾಗಿನ ಬೆಂಕೀನೂ ಒಂದೀಟು ಆರ್ತದ."

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಕಪಾಟಿನ ಕೀಲಿ ನನ್ನ ಕೈಗೆ ಬಂತು. ತಡೆಯುವವರಿಲ್ಲ. ಮಡಕೆ ಸರಿಸಿ ಕೊಡಲಿಯನ್ನು ನಡುವೆ ಕೂರಿಸಿದೆ. ಬಾಗಿಲ ಹೊರಗೆ ಹೋಗಿ, ಅವರ ಹಾಗೆಯೇ ಒಳಗೆ ಬಂದೆ. ಅಲ್ಲಿ ಒಂದು ಕಲ್ಲು ಕೂತಿತ್ತು, ಅಷ್ಟೇ. ಮೂಲೆಯಲ್ಲಿದ್ದಾಗ, ಯಾರೋ ಈಗಷ್ಟೇ ಕಟ್ಟಿಗೆ ಒಡೆದು, ಅದನ್ನು ಒರಗಿಸಿಟ್ಟು ಉಣ್ಣಲು ಒಳಗೆ ಹೋದಂತೆ ಕಾಣುತ್ತಿತ್ತು.

ಮತ್ತೆ ಗಡಿಗೆಗೆ ಒರಗಿಸಿದೆ. ಎಷ್ಟು ತಿರುಗಿಸಿದರೂ ಅವರು ಇಟ್ಟಿದ್ದ ಆ ಓರೆ ಬರಲಿಲ್ಲ. ಕೊನೆಗೆ ಒದ್ದೆ ಬಟ್ಟೆ ತಂದು ಗಾಜು ಒರೆಸಿದೆ. ಬೆಂಕಿ ಆರಲಿಲ್ಲ, ಇಂದಕ್ಕ.